ಕರೆಂಟ್ ಹೋಗಿ ಬಂದ ಮೇಲೆ ಕ್ಯೂ ಲೆಕ್ಕ ತಪ್ಪಿತ್ತು: ನನ್ನ ಅನುಭವ

ಏಪ್ರಿಲ್ ತಿಂಗಳು. ಗಂಗಾವತಿಯಲ್ಲಿ ಬೇಸಿಗೆ ಭತ್ತದ ಕೊಯ್ಲು ನಡೆದಿತ್ತು. ಮನೆ ಮುಂದಿನ ರಸ್ತೆಯಲ್ಲಿ ಹಗಲು ರಾತ್ರಿ ಲಾರಿಗಳ ಸದ್ದು. ಮಧ್ಯಾಹ್ನ ಕರೆಂಟ್ ಹೋದರೆ ಮತ್ತೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿರಲಿಲ್ಲ.

ನಾನು ಮನೆಯಿಂದಲೇ ಬೆಂಗಳೂರಿನ ಒಂದು ಸಣ್ಣ ಕಂಪನಿಗೆ ಕೆಲಸ ಮಾಡುತ್ತೇನೆ. ನಮ್ಮದೇ ಒಂದು ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಇದೆ. ಅದು ಕೆವಿಎಂ ಮೇಲೆ ಗೆಸ್ಟ್ ಆಗಿ, ಅಂದರೆ ಹೋಸ್ಟ್ ಅನ್ನುವ ನಿಜವಾದ ಕಂಪ್ಯೂಟರಿನೊಳಗೆ ಒಂದು ವರ್ಚುವಲ್ ಕಂಪ್ಯೂಟರ್ ಆಗಿ ಓಡುತ್ತದೆ. ಅದರ ವರ್ಟಿಯೋ-ನೆಟ್ ಡ್ರೈವರ್ ಬರೆದದ್ದು ನಾನೇ. ವರ್ಟಿಯೋ ಅಂದರೆ ವರ್ಚುವಲ್ ಡಿವೈಸ್‌ಗಳಿಗೆ ಇರುವ ನಿಯಮಾವಳಿ; ವರ್ಟಿಯೋ-ನೆಟ್ ಅದರಲ್ಲಿನ ನೆಟ್‌ವರ್ಕ್ ಕಾರ್ಡ್. ಪ್ಯಾಕೆಟ್‌ಗಳು ಸಾಲಾಗಿ ನಿಲ್ಲುವ ಕ್ಯೂಗಳನ್ನು ನಾಲ್ಕು ಜೊತೆ ಇಟ್ಟಿದ್ದೆ: ಕಳಿಸೋಕೆ ನಾಲ್ಕು, ತೆಗೆದುಕೊಳ್ಳೋಕೆ ನಾಲ್ಕು. ಜೊತೆಗೆ ಡಿವೈಸ್‌ಗೆ ಕಮಾಂಡ್ ಕಳಿಸೋಕೆ ಒಂದು ಕಂಟ್ರೋಲ್ ಕ್ಯೂ. ಯುಪಿಎಸ್ ಬ್ಯಾಟರಿ ಇಳಿಯುತ್ತಾ ಬಂದರೆ ಹೋಸ್ಟ್‌ನಲ್ಲಿರುವ ಸ್ಕ್ರಿಪ್ಟ್ ಗೆಸ್ಟನ್ನು ಹೈಬರ್ನೇಟ್ ಮಾಡಿಸುತ್ತದೆ, ಅಂದರೆ ಅದರ ಮೆಮೊರಿಯನ್ನು ಡಿಸ್ಕ್‌ಗೆ ಉಳಿಸಿ ಮಲಗಿಸುತ್ತದೆ. ಕರೆಂಟ್ ಬಂದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ಒಂದು ದಿನ ಹಾಗೆ ಎದ್ದ ಗೆಸ್ಟ್‌ಗೆ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್) ಮಾಡಿದೆ. ಹೋಗಲಿಲ್ಲ. ಇನ್ನೊಮ್ಮೆ ಮಾಡಿದೆ, ಹೋಗಲಿಲ್ಲ. ಮೂರನೇ ಸಲ ಚಕ್ಕಂತ ಲಾಗಿನ್ ಆಯಿತು. ಒಮ್ಮೆ ಒಳಗೆ ಹೋದರೆ ಗಂಟೆಗಟ್ಟಲೆ ಏನೂ ತೊಂದರೆ ಇಲ್ಲ. ಪಕ್ಕದಲ್ಲಿ ಇನ್ನೊಂದು ಸೆಷನ್ ತೆರೆದರೆ ಅದು ಮತ್ತೆ ನಿಂತುಬಿಡುತ್ತದೆ. ನೆಟ್‌ವರ್ಕ್ ಪೂರ್ತಿ ಸತ್ತಿದ್ದರೆ ಹುಡುಕೋದು ಸುಲಭ. ಹೀಗೆ ಅರೆಬರೆ ಬದುಕಿದ್ದರೆ ತುಂಬಾ ಕಷ್ಟ.

ಈ ಲಕ್ಷಣದಲ್ಲೇ ಸುಳಿವು ಇತ್ತು. ಯಾವ ಪ್ಯಾಕೆಟ್ ಯಾವ ಕ್ಯೂಗೆ ಹೋಗಬೇಕು ಅನ್ನೋದನ್ನು ವಿಳಾಸ ಮತ್ತು ಪೋರ್ಟ್ ನಂಬರ್‌ಗಳ ಹ್ಯಾಶ್ (ಅವುಗಳಿಂದ ಲೆಕ್ಕ ಹಾಕಿದ ಒಂದು ಸಂಖ್ಯೆ) ನಿರ್ಧರಿಸುತ್ತದೆ. ಹಾಗಾಗಿ ಒಂದು ಕನೆಕ್ಷನ್ ಯಾವಾಗಲೂ ಒಂದೇ ಕ್ಯೂನಲ್ಲಿ ಇರುತ್ತದೆ. ಮತ್ತೆ ಎಸ್‌ಎಸ್‌ಎಚ್ ಮಾಡಿದಾಗ ಪೋರ್ಟ್ ಬದಲಾಗುತ್ತದೆ, ಕ್ಯೂ ಕೂಡ ಬದಲಾಗಬಹುದು. ಅಂದರೆ ಕೆಲವು ಕ್ಯೂ ಓಡುತ್ತಿವೆ, ಕೆಲವು ನಿಂತಿವೆ. ಕ್ಯೂವಾರು ಎಣಿಕೆ ತೆಗೆದು ನೋಡಿದೆ. ಸೊನ್ನೆ ನಂಬರಿನ ಕ್ಯೂ ಮಾತ್ರ ಜೀವಂತ. ಒಂದು, ಎರಡು, ಮೂರು ಸುಮ್ನೆ ತುಂಬುತ್ತಾ ಹೋಗಿ ನಿಂತಿದ್ದವು.

ಕಾರಣ ಗೊತ್ತಾದಾಗ ಬಹಳ ಸರಳ ಅನ್ನಿಸಿತು. ಹೈಬರ್ನೇಟ್‌ನಿಂದ ಎದ್ದಾಗ ಡ್ರೈವರ್‌ನ ಮೆಮೊರಿ ಹಳೆಯದೇ ವಾಪಸ್ ಬರುತ್ತದೆ. ಆದರೆ ಡಿವೈಸ್ ಮಾತ್ರ ಹೊಚ್ಚ ಹೊಸದು. ವರ್ಟಿಯೋ ನಿಯಮದ ಪ್ರಕಾರ ರೀಸೆಟ್ ಆದ ನೆಟ್ ಡಿವೈಸ್ ಒಂದೇ ಜೊತೆ ಕ್ಯೂನಿಂದ ಶುರುವಾಗುತ್ತದೆ. ಹೆಚ್ಚು ಬೇಕಾದರೆ ಡ್ರೈವರ್ ಕಂಟ್ರೋಲ್ ಕ್ಯೂ ಮೂಲಕ 'ಇಷ್ಟು ಜೊತೆ ಬಳಸುತ್ತೇನೆ' ಅಂತ ಕಮಾಂಡ್ ಕಳಿಸಬೇಕು, ಡಿವೈಸ್ ಒಪ್ಪಬೇಕು. ನನ್ನ ಡ್ರೈವರ್‌ನಲ್ಲಿ 4 ಅಂತ ಬರೆದಿತ್ತು. ಡಿವೈಸ್‌ಗೆ ಗೊತ್ತಿದ್ದದ್ದು 1. ಮೊದಲ ಸಲ ಬೂಟ್ ಆದಾಗ ಆ ಕಮಾಂಡ್ ಕಳಿಸಿದ್ದೆ, ಎದ್ದಾಗ ಕಳಿಸಿರಲಿಲ್ಲ.

ಲಿನಕ್ಸ್ ಡ್ರೈವರ್ ಇದನ್ನು ಹೇಗೆ ಮಾಡುತ್ತದೆ ಅಂತ ಕೂತು ಓದಿದೆ. ಅದರ ರಿಸ್ಟೋರ್ ದಾರಿಯಲ್ಲಿ ಈ ಕಮಾಂಡನ್ನು ಮತ್ತೆ ಕಳಿಸುವ ಸಾಲು ಸ್ಪಷ್ಟವಾಗಿ ಇದೆ. ಅದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು: ಕ್ಯೂ ಸಂಖ್ಯೆಯ ವೇರಿಯಬಲ್ಲನ್ನು ಅದು ಬದಲಿಸೋದು ಡಿವೈಸ್ ಒಪ್ಪಿದ ಮೇಲೆ, ಮುಂಚೆ ಅಲ್ಲ. ನಾನು ಮೊದಲು ಬರೆದುಕೊಂಡು ಆಮೇಲೆ ಕೇಳುತ್ತಿದ್ದೆ. ಡಿವೈಸ್ ಬೇಡ ಅಂದರೂ ನನ್ನ ಲೆಕ್ಕದಲ್ಲಿ 4 ಉಳಿದುಬಿಡುತ್ತಿತ್ತು. ಈಗ ಎರಡು ವೇರಿಯಬಲ್ ಇಟ್ಟಿದ್ದೇನೆ. ಒಂದು, ಬಳಸುವವರು ಕೇಳಿದ್ದು. ಇನ್ನೊಂದು, ಡಿವೈಸ್ ಒಪ್ಪಿದ್ದು. ರೀಸೆಟ್ ಆದ ಕೂಡಲೇ ಎರಡನೆಯದು 1 ಆಗುತ್ತದೆ. ಪ್ಯಾಕೆಟ್ ಕಳಿಸುವ ಕೋಡ್ ನೋಡೋದು ಎರಡನೆಯದನ್ನು ಮಾತ್ರ.

ಎದ್ದಾಗ ಕಮಾಂಡ್ ಕಳಿಸುವ ಆ ಸಾಲು ಸೇರಿಸಿ ಮತ್ತೆ ಹೈಬರ್ನೇಟ್ ಮಾಡಿದೆ. ಈ ಸಲ ಗೆಸ್ಟ್ ಎದ್ದ ಕೂಡಲೇ ಕ್ರ್ಯಾಶ್ ಆಯಿತು.

ಇದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ, ಯಾಕೆಂದರೆ ನಾನು ಅತಿ ಹೆಚ್ಚು ಕಲಿತದ್ದು ಇಲ್ಲೇ. ನಾನು ಬಳಸುವ ಸ್ಪ್ಲಿಟ್ ಮಾದರಿಯ ಕ್ಯೂನಲ್ಲಿ ಮೂರು ಭಾಗ. ಡಿಸ್ಕ್ರಿಪ್ಟರ್ ಟೇಬಲ್‌ನಲ್ಲಿ ಬಫರ್‌ಗಳ (ಪ್ಯಾಕೆಟ್ ಇಡುವ ಮೆಮೊರಿ ತುಣುಕುಗಳ) ವಿಳಾಸ. ನನ್ನ ಕ್ಯೂನಲ್ಲಿ 256 ಡಿಸ್ಕ್ರಿಪ್ಟರ್ ಇದ್ದವು. ಅವೈಲಬಲ್ ರಿಂಗ್‌ನಲ್ಲಿ ಡ್ರೈವರ್ 'ಇದು ನಿನಗೆ' ಅಂತ ಬರೆಯುತ್ತದೆ. ಯೂಸ್ಡ್ ರಿಂಗ್‌ನಲ್ಲಿ ಡಿವೈಸ್ 'ಇದು ಮುಗಿಯಿತು' ಅಂತ ಬರೆಯುತ್ತದೆ. ಎರಡೂ ರಿಂಗ್‌ನ ಎಣಿಕೆ 16 ಬಿಟ್. 65535 ಆದ ಮೇಲೆ ಮತ್ತೆ ಸೊನ್ನೆ. ಯೂಸ್ಡ್ ರಿಂಗ್‌ನಲ್ಲಿ ತಾನು ಎಲ್ಲಿಯವರೆಗೆ ನೋಡಿದ್ದೇನೆ ಅಂತ ಡ್ರೈವರ್ ತನ್ನ ಹತ್ತಿರ ಒಂದು ಗುರುತು ಇಟ್ಟುಕೊಳ್ಳುತ್ತದೆ.

ಕ್ರ್ಯಾಶ್ ಆದಾಗ ನನ್ನ ಗುರುತು 41873 ಇತ್ತು. ಹೊಸ ಡಿವೈಸ್‌ನ ಎಣಿಕೆ 0. ಡ್ರೈವರ್ ಕಳೆದು ನೋಡಿತು: 0 ರಿಂದ 41873 ಕಳೆದರೆ 16 ಬಿಟ್‌ನಲ್ಲಿ 23663. ಅಂದರೆ 23663 ಪ್ಯಾಕೆಟ್ ಮುಗಿದಿವೆ ಅಂತ ನಂಬಿತು! 256 ಜಾಗ ಇರುವ ಕ್ಯೂನಲ್ಲಿ ಇದು ಆಗಲು ಸಾಧ್ಯವೇ ಇಲ್ಲ, ಅಲ್ವಾ? ಆದರೂ ಅದು ಒಂದೊಂದಾಗಿ ಬಫರ್ ಬಿಡುಗಡೆ ಮಾಡುತ್ತಾ ಹೋಯಿತು. ಬಿಟ್ಟ ಬಫರನ್ನೇ ಮತ್ತೆ ಬಿಟ್ಟಿತು. ಅಂದಿನಿಂದ ಒಂದು ಪರೀಕ್ಷೆಯನ್ನು ಕಾಯಂ ಆಗಿ ಹಾಕಿದ್ದೇನೆ. ಈ ವ್ಯತ್ಯಾಸ ಕ್ಯೂ ಗಾತ್ರಕ್ಕಿಂತ ಜಾಸ್ತಿ ಬಂದರೆ ಆ ಕ್ಯೂ ಅಲ್ಲೇ ನಿಲ್ಲಬೇಕು, ಮುಂದೆ ಏನನ್ನೂ ಮುಟ್ಟಬಾರದು. ಒಂದು ಕಳೆಯೋದು, ಒಂದು ಹೋಲಿಸೋದು, ಅಷ್ಟೇ ಖರ್ಚು.

ಮರುದಿನ ಬೆಳಿಗ್ಗೆ ಕಾಕಾ ಬಂದಿದ್ದರು. ಅವರು ರೈಸ್ ಮಿಲ್ಲಿನ ಗೇಟ್‌ನಲ್ಲಿ ಲಾರಿಗಳಿಗೆ ಚೀಟಿ ಕೊಡುವ ಕೆಲಸದಲ್ಲಿದ್ದಾರೆ. "ಏನಪಾ, ರಾತ್ರಿ ಎರಡರತನಕ ಲೈಟ್ ಹಚ್ಚಿದ್ದಿ?" ಅಂದರು. ನನ್ನ ತೊಂದರೆಯನ್ನು ಲಾರಿ, ಚೀಟಿ, ಕಾಟಾ (ತೂಕದ ಯಂತ್ರ) ಅಂತಲೇ ಹೇಳಿದೆ. ಕೇಳಿಸಿಕೊಂಡು, "ಕಾಟಾದಾಗ ಹೊಸ ಬುಕ್ ಶುರು ಮಾಡಿದ್ರ ಹಳೇ ಚೀಟಿ ನಡ್ಯಂಗಿಲ್ಲಪಾ. ಮೊದ್ಲ ಕಾಟಾ ನಿಂದರಸ್ಬೇಕು. ಆಮ್ಯಾಲೆ ಹಳೇ ಚೀಟಿ ಎಲ್ಲಾ ವಾಪಸ್ ಇಸ್ಕೋಬೇಕು. ಅದಾದ ಮ್ಯಾಲೆ ಒಂದ್ನೇ ನಂಬರ್" ಅಂದರು. ನಾನು ಕೂತು ಬರೆದ ಕ್ರಮವೂ ಕೊನೆಗೆ ಇದೇ ಆಯಿತು.

ಮಲಗಿಸುವಾಗ ಮೊದಲು ಮೇಲಿನಿಂದ ಬರುವ ಪ್ಯಾಕೆಟ್ ನಿಲ್ಲಿಸುತ್ತೇನೆ. ಮುಗಿದ ಪ್ಯಾಕೆಟ್ ಇದೆಯಾ ಅಂತ ಪದೇ ಪದೇ ನೋಡುವ ಪೋಲಿಂಗ್ ನಿಲ್ಲಿಸುತ್ತೇನೆ. ಆಮೇಲೆ ಡಿವೈಸ್ ಸ್ಟೇಟಸ್‌ಗೆ 0 ಬರೆದು, ಅದನ್ನು ಓದಿದಾಗಲೂ 0 ಬರುವವರೆಗೆ ಕಾಯುತ್ತೇನೆ. ಈ ಕಾಯುವಿಕೆಯನ್ನು ದಯವಿಟ್ಟು ಯಾರೂ ಬಿಡಬೇಡಿ. ಡಿವೈಸ್ ಇನ್ನೂ ಪೂರ್ತಿ ನಿಂತಿರದೆ ನೀವು ಬಫರ್ ಬಿಟ್ಟರೆ, ಆ ಮೆಮೊರಿ ಬೇರೆ ಯಾರಿಗೋ ಹೋಗಿರುತ್ತದೆ, ಡಿವೈಸ್ ಅದರ ಮೇಲೆ ಪ್ಯಾಕೆಟ್ ಬರೆದುಬಿಡುತ್ತದೆ. ಸೊನ್ನೆ ಕಂಡ ಮೇಲೆ ಮಾತ್ರ ಉಳಿದ ಬಫರ್‌ಗಳನ್ನು ವಾಪಸ್ ತೆಗೆದುಕೊಳ್ಳಬೇಕು. ಹೋಗದೆ ಉಳಿದ ಪ್ಯಾಕೆಟ್ ಬಿಟ್ಟುಬಿಡಿ, ಟಿಸಿಪಿ ಮತ್ತೆ ಕಳಿಸುತ್ತದೆ.

ಏಳುವಾಗ ಬೂಟ್‌ನಲ್ಲಿ ಯಾವ ಫಂಕ್ಷನ್ ಓಡುತ್ತದೋ ಅದೇ ಓಡಬೇಕು. ನನ್ನಲ್ಲಿ ಎರಡು ಬೇರೆ ಬೇರೆ ದಾರಿಗಳಿದ್ದವು, ತಪ್ಪು ಹುಟ್ಟಿದ್ದೇ ಅಲ್ಲಿ. ಈಗ ಒಂದೇ ಇದೆ. ರಿಂಗ್ ಮತ್ತು ಗುರುತು ಎರಡನ್ನೂ ಸೊನ್ನೆ ಮಾಡುತ್ತದೆ, ಕ್ಯೂ ವಿಳಾಸಗಳನ್ನು ಡಿವೈಸ್‌ಗೆ ಕೊಡುತ್ತದೆ, ಡಿವೈಸನ್ನು ಶುರು ಮಾಡಿಸುತ್ತದೆ, ತೆಗೆದುಕೊಳ್ಳುವ ಕ್ಯೂಗಳಿಗೆ ಬಫರ್ ತುಂಬುತ್ತದೆ, 4 ಜೊತೆ ಕೇಳುತ್ತದೆ. ಉತ್ತರ ಬಂದ ಮೇಲೆ ಬಾಗಿಲು ತೆರೆಯುತ್ತದೆ.

ಇಷ್ಟಾದರೂ ಹತ್ತಾರು ಸಲ ಹೈಬರ್ನೇಟ್ ಮಾಡಿದರೆ ಒಮ್ಮೊಮ್ಮೆ ಒಂದು ಕ್ಯೂ ಏಳುತ್ತಿರಲಿಲ್ಲ. ಅದು 'ನಿಂತಿದೆ' ಅನ್ನುವ ಫ್ಲ್ಯಾಗ್‌ನ ಕೆಲಸ. ಕ್ಯೂ ತುಂಬಿದಾಗ ಡ್ರೈವರ್ ಅದನ್ನು ನಿಲ್ಲಿಸುತ್ತದೆ, ಪ್ಯಾಕೆಟ್ ಮುಗಿದ ಸುದ್ದಿ ಬಂದಾಗ ಎಬ್ಬಿಸುತ್ತದೆ. ಮಲಗುವ ಹೊತ್ತಿಗೆ ಕ್ಯೂ ತುಂಬಿ ನಿಂತಿದ್ದರೆ ಎದ್ದ ಮೇಲೆ ರಿಂಗ್ ಖಾಲಿ ಇರುತ್ತದೆ, ಆದರೆ ಫ್ಲ್ಯಾಗ್ ಹಾಗೇ ಇರುತ್ತದೆ. ಹೊಸ ಪ್ಯಾಕೆಟ್ ಹೋಗುವುದಿಲ್ಲ, ಹೋಗದೆ ಮುಗಿದ ಸುದ್ದಿಯೂ ಬರುವುದಿಲ್ಲ. ಹಾಗಾಗಿ ಕ್ಯೂ ಏನೇನು ನೆನಪಿಟ್ಟಿದೆ ಅಂತ ಪಟ್ಟಿ ಮಾಡಿ ಕೂತೆ: ಗುರುತು, ಖಾಲಿ ಜಾಗದ ಎಣಿಕೆ, ನಿಂತ ಫ್ಲ್ಯಾಗ್, ಹೋಗಬೇಕಾದ ಬೈಟ್‌ಗಳ ಲೆಕ್ಕ. ಎಲ್ಲವನ್ನೂ ಒಂದೇ ಸ್ಟ್ರಕ್ಟ್‌ಗೆ ತಂದು ಒಂದೇ ಕಡೆ ಅಳಿಸಿದೆ.

ಆ ಫ್ಲ್ಯಾಗ್‌ಗೆ ರೀಸೆಟ್ ಇಲ್ಲದಾಗಲೂ ಒಂದು ಅಪಾಯ ಇದೆ. ಜಾಗ ಇಲ್ಲ ಅಂತ ನೋಡಿದ ಮೇಲೆ, ಫ್ಲ್ಯಾಗ್ ಹಾಕುವ ಮುಂಚೆ, ಇನ್ನೊಂದು ಸಿಪಿಯುನಲ್ಲಿ ಎಲ್ಲ ಪ್ಯಾಕೆಟ್ ಮುಗಿದಿರಬಹುದು. ಎಬ್ಬಿಸಬೇಕಾದವರು ಆಗಲೇ ಬಂದು ಹೋಗಿರುತ್ತಾರೆ. ಅದಕ್ಕೆ ಫ್ಲ್ಯಾಗ್ ಹಾಕಿ, ಮೆಮೊರಿ ಬ್ಯಾರಿಯರ್ (ಬರೆದದ್ದು ಆಗುವ ಮುಂಚೆ ಮುಂದಿನ ಓದು ನಡೆಯದಂತೆ ತಡೆಯುವ ಆದೇಶ) ಇಟ್ಟು, ಜಾಗ ಆಗಿದೆಯಾ ಅಂತ ಮತ್ತೊಮ್ಮೆ ನೋಡಬೇಕು.

ಆ ಬೇಸಿಗೆಯಲ್ಲಿ ಟ್ರಾಫಿಕ್ ಓಡುತ್ತಿರುವಾಗಲೇ ರಾತ್ರಿಯಿಡೀ ಮಲಗಿಸಿ ಎಬ್ಬಿಸಿ ನೋಡಿದೆ. ನಾಲ್ಕೂ ಕ್ಯೂ ಪ್ರತಿ ಸಲ ಎದ್ದವು. ಈಗ ವರ್ಟಿಯೋ 1.2ರಲ್ಲಿ ಬಂದಿರುವ ಒಂದೊಂದೇ ಕ್ಯೂ ರೀಸೆಟ್ ಮಾಡುವ ಸೌಲಭ್ಯ ಸೇರಿಸುತ್ತಿದ್ದೇನೆ. ಅಲ್ಲಿ ಒಂದು ಕ್ಯೂ ಸೊನ್ನೆಯಿಂದ ಶುರುವಾಗುವಾಗ ಉಳಿದ ಮೂರು ಓಡುತ್ತಲೇ ಇರುತ್ತವೆ. ಆ ಸ್ಟ್ರಕ್ಟ್ ಕ್ಯೂಗೊಂದರಂತೆ ಇದೆ, ಹಾಗಾಗಿ ಅಳಿಸುವ ಫಂಕ್ಷನ್‌ನಲ್ಲಿ ಒಂದು ಸಾಲನ್ನೂ ಬದಲಿಸಬೇಕಾಗಿಲ್ಲ.