ಮೂಗು ಚುಚ್ಚಿಸಿದ ಮೇಲಿನ ನಾಲ್ಕು ತಿಂಗಳು

ಮೂಗು ಚುಚ್ಚಿಸಿಕೊಂಡಾಗ ನನಗೆ 32 ವರ್ಷ. ಚುಚ್ಚಿದ್ದು ಎರಡು ಸೆಕೆಂಡಿನ ಕೆಲಸ. ಕಣ್ಣಲ್ಲಿ ನೀರು, ಒಂದು ಸೀನು, ಅಷ್ಟೇ. ಕಷ್ಟ ಇರೋದು ಆಮೇಲೆ.

ಮನೆಗೆ ಬಂದ ತಕ್ಷಣ ಅತ್ತೆ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ತಂದರು. ಪ್ರೀತಿಯಿಂದಲೇ, ಆದರೆ ಹಚ್ಚಬೇಡಿ. ಎಣ್ಣೆಗೆ ಧೂಳು ಅಂಟುತ್ತದೆ, ಗಾಯಕ್ಕೆ ಗಾಳಿ ಆಡುವುದಿಲ್ಲ. ಸ್ಪಿರಿಟ್ ಕೂಡ ಬೇಡ, ಹೊಸ ಚರ್ಮ ಸುಡುತ್ತದೆ.

ಬೇಕಾದ್ದು ಮೆಡಿಕಲ್ ಶಾಪಿನ 0.9% ಸಲೈನ್, ಅಂದರೆ ಶುದ್ಧ ಉಪ್ಪುನೀರು, ಮಾತ್ರ. ಮೊದಲು ಸೋಪು ಹಾಕಿ ಕೈ ತೊಳೆಯಿರಿ. ದಿನಕ್ಕೆ ಎರಡು ಸಲ ಸಲೈನಿನಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಒಂದೆರಡು ನಿಮಿಷ ಇಡಿ. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಬಿಳಿ ಹಕ್ಕಳೆ ಕಟ್ಟಿದರೆ ಉಗುರು ಹಾಕಬೇಡಿ, ನೆನೆದು ತಾನೇ ಬಿಡುತ್ತದೆ. ಮೂಗುಬೊಟ್ಟನ್ನು ತಿರುಗಿಸುತ್ತಾ ಇರಬೇಕು ಅಂತಾರಲ್ವಾ? ಸುಮ್ನೆ ಬಿಡಿ. ತಿರುಗಿಸಿದಷ್ಟೂ ಗಾಯ ಹಸಿಯಾಗುತ್ತದೆ.

ನನ್ನ ದೊಡ್ಡ ಶತ್ರು ಟವೆಲ್. ಮೂರನೇ ವಾರ ಅದರ ನೂಲು ಸಿಕ್ಕಿ ಎಳೆದು, ಪಕ್ಕದಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಎದ್ದಿತು. ಅಂದಿನಿಂದ ಟಿಶ್ಯೂನಲ್ಲಿ ಒತ್ತಿ ಒರೆಸುತ್ತೇನೆ. ದಿಂಬಿನ ಕವರೂ ಆಗಾಗ ಬದಲಾಯಿಸಿ.

ಹೊರಗೆ ಒಣಗಿದಂತೆ ಕಂಡರೂ ಒಳಗೆ ಮಾಗಲು ನಾಲ್ಕರಿಂದ ಆರು ತಿಂಗಳು ಬೇಕಾಗಬಹುದು. ಮದುವೆ ಇದೆ ಅಂತ ಬೊಟ್ಟು ಬದಲಾಯಿಸಬೇಡಿ. ಕೆಂಪು ಹರಡಿದರೆ, ಹಸಿರು ಕೀವು ಅಥವಾ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ. ಬೊಟ್ಟನ್ನು ನೀವೇ ಕಿತ್ತರೆ ತೂತು ಮುಚ್ಚಿ ಕೀವು ಒಳಗೇ ಉಳಿಯಬಹುದು.