ಪ್ಲಾಟ್‌ಫಾರ್ಮ್ ಇಲ್ಲದೆ ಸಮತೋಲನ ಅಳೆದೆ: ನನ್ನ ಅನುಭವ

ನಿಂತವರ ಸಮತೋಲನ ಕೆಡಿಸಿ ಅಳೆಯಬೇಕಾದರೆ ಅಲುಗಾಡುವ ಮೋಟಾರು ಪ್ಲಾಟ್‌ಫಾರ್ಮ್ ಬೇಕೇ ಬೇಕು ಅಂತ ನಮ್ಮ ಕ್ಷೇತ್ರದ ಎಷ್ಟೋ ಜನ ಹೇಳಿದ್ದರು. ಬೇಡ. ನನ್ನ ಸೆಟಪ್ಪಿನಲ್ಲಿ ಒಬ್ಬರನ್ನೇ ಬೇರೆ ಬೇರೆ ದಿನ ನಿಲ್ಲಿಸಿದರೂ ಈಗ ಹೆಚ್ಚುಕಡಿಮೆ ಅದೇ ಉತ್ತರ ಬರುತ್ತಿದೆ. ಪ್ಲಾಟ್‌ಫಾರ್ಮಿಗೆ ಬಂದ ಕೊಟೇಶನ್ನಿನ ಇಪ್ಪತ್ತರಲ್ಲಿ ಒಂದು ಪಾಲೂ ಖರ್ಚಾಗಿಲ್ಲ. ಅದರಲ್ಲೂ ಅರ್ಧ ದುಡ್ಡು ಕೆಲಸಕ್ಕೆ ಬಾರದ ಮೋಟಾರುಗಳಿಗೇ ಹೋಯಿತು.

ಜನ ನಿಲ್ಲುವ ಪ್ಲೇಟಿನ ವಿಷಯ ಬೇಗ ಮುಗಿಸುತ್ತೇನೆ. ನಾಲ್ಕು ಮೂಲೆಗೆ ಭಾರ ಅಳೆಯುವ ನಾಲ್ಕು ಲೋಡ್ ಸೆಲ್, ಒಂದೊಂದಕ್ಕೂ ಅದರ ಸಂಕೇತವನ್ನು ಅಂಕಿಯಾಗಿಸುವ ಒಂದು ಎಚ್‌ಎಕ್ಸ್711 ಚಿಪ್. ಸೆಕೆಂಡಿಗೆ 10 ರೀಡಿಂಗ್ ಇದ್ದರೆ ಅದನ್ನು 80ಕ್ಕೆ ಬದಲಿಸಿಕೊಳ್ಳಿ. ಸುಮ್ನೆ ನಿಂತವರ ತೂಗಾಟ ಬಹುಪಾಲು 1 ಹರ್ಟ್ಸ್‌ಗಿಂತ ಕೆಳಗೇ ಇರುತ್ತದೆ, ನಿಜ. ಆದರೆ ಸೊಂಟಕ್ಕೆ ಕಟ್ಟಿ ಎಳೆಯುವ ಹಗ್ಗವನ್ನು (ಅದರ ಕಥೆ ಮುಂದಿದೆ) ತಟ್ಟನೆ ಬಿಟ್ಟ ಮೇಲೆ ನಮಗೆ ಬೇಕಾದ್ದೆಲ್ಲ ಮೊದಲ ಅರ್ಧ ಸೆಕೆಂಡಿನಲ್ಲೇ ಇರುತ್ತದೆ.

ನನ್ನನ್ನು ಸತಾಯಿಸಿದ್ದು ಅಕಿಲಿಸ್ ಟೆಂಡನ್ನಿಗೆ, ಅಂದರೆ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವಿಗೆ, ಕೊಡುವ ಕಂಪನ. 80 ಹರ್ಟ್ಸ್ ಆಸುಪಾಸಿನಲ್ಲಿ ಕೊಟ್ಟರೆ ಮೀನಖಂಡ ಹಿಗ್ಗುತ್ತಿದೆ ಅಂತ ಮೆದುಳಿಗೆ ಸುದ್ದಿ ಹೋಗುತ್ತದೆ. ಮುಂದೆ ಬಾಗುತ್ತಿದ್ದೇನೆ ಅಂದುಕೊಂಡು ಮೈ ಹಿಂದಕ್ಕೆ ವಾಲುತ್ತದೆ. ಮೊಬೈಲಿನ ಮೋಟಾರುಗಳು ಇದಕ್ಕೆ ಆಗುವುದಿಲ್ಲ. ತೀರಾ ಚಿಕ್ಕವು, ವೇಗವೂ ಜಾಸ್ತಿ. ದೊಡ್ಡ ಮೋಟಾರು ತಂದೆ. ಕೈಯಲ್ಲಿ ಹಿಡಿದಾಗ 80 ತೋರಿಸಿದ್ದು ಕಾಲಿಗೆ ಕಟ್ಟಿದ ಕೂಡಲೇ 60ಕ್ಕೆ ಇಳಿಯುತ್ತಿತ್ತು. ಎರಡು ಕಾಲಿಗೆ ಎರಡು ವೇಗ, ಜನ ಓರೆಯಾಗಿ ತಿರುಗುತ್ತಿದ್ದರು. ಕೊನೆಗೆ ಮೋಟಾರಿನ ಮೈಗೇ ಅದುರುವಿಕೆ ಅಳೆಯುವ ಒಂದೊಂದು ಪುಟ್ಟ ಆಕ್ಸೆಲೆರೋಮೀಟರ್ ಅಂಟಿಸಿ, ವೇಗ ನೋಡಿಕೊಂಡು ವೋಲ್ಟೇಜ್ ತಾನಾಗಿ ಏರಿಳಿಯುವಂತೆ ಮಾಡಿದೆ. ಅಲ್ಲಿಗೆ ಸರಿಹೋಯಿತು. ಪಟ್ಟಿಯನ್ನು ಎಲ್ಲಿ, ಎಷ್ಟು ಬಿಗಿಯಾಗಿ ಕಟ್ಟುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆ ಹೊತ್ತಲ್ಲಿ ಪಾದ ನೋಡಬೇಕು. ಕಣ್ಣು ಮುಚ್ಚಿಸಿ ಮೋಟಾರು ಹಾಕಿದ ಒಂದೆರಡು ಸೆಕೆಂಡಿಗೆ ಭಾರವೆಲ್ಲ ಹಿಮ್ಮಡಿಗೆ ಬರುತ್ತದೆ. ಪಾದದ ಮೇಲಿನ ಟೆಂಡನ್ನುಗಳು ಬಿಗಿಯಾಗಿ ಎದ್ದು ಬೆರಳುಗಳು ನೆಲ ಬಿಡುತ್ತವೆ. ಆದರೂ ಕೆಲವರು ‘ನೆಟ್ಟಗೇ ನಿಂತಿದ್ದೀನಲ್ಲ’ ಅನ್ನುತ್ತಾರೆ. ನನ್ನ ಪ್ಲೇಟಿನಲ್ಲಿ ಭಾರ ಬೀಳುವ ಬಿಂದು ಎರಡು ಮೂರು ಸೆಂಟಿಮೀಟರ್ ಹಿಂದೆ ಹೋಗುತ್ತದೆ. ಕಣ್ಣು ತೆರೆದಿದ್ದರೆ ಅದರ ಅರ್ಧವೂ ಇಲ್ಲ. ಮೋಟಾರು ನಿಲ್ಲಿಸಿದಾಗ ಜಾಸ್ತಿ ಎಚ್ಚರ ಬೇಕು, ತಟ್ಟನೆ ಮುಂದಕ್ಕೆ ಬರುತ್ತಾರೆ.

ಇನ್ನು ಹಗ್ಗ. ಮೊದಲು ತೂಕ ಬೀಳಿಸಿ ಸೊಂಟ ಎಳೆದು ನೋಡಿದೆ. ಹಗ್ಗ ಸಡಿಲಾಗಿ ಆಮೇಲೆ ಜಗ್ಗುತ್ತಿತ್ತು, ಒಂದು ಸಲದಂತೆ ಇನ್ನೊಂದು ಸಲ ಇಲ್ಲ. ಅದಕ್ಕೆ ಉಲ್ಟಾ ಮಾಡಿದೆ. ದೇಹದ ತೂಕದ ಶೇಕಡಾ 2-3ರಷ್ಟು ಭಾರ ರಾಟೆ ಮೇಲಿಂದ ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ, ವಿದ್ಯುತ್ ಅಯಸ್ಕಾಂತ ಅದನ್ನು ಇದ್ದಕ್ಕಿದ್ದಂತೆ ಬಿಡುತ್ತದೆ. ತುಂಬಾ ಚೆನ್ನಾಗಿ ಬಂತು. ಆದರೂ ಒಂದು ತೊಂದರೆ ಉಳಿಯಿತು. ಅಯಸ್ಕಾಂತದ ‘ಟಿಕ್’ ಕೇಳಿಸಿಕೊಂಡು ಜನ ಮೈ ಬಿಗಿ ಮಾಡಿಕೊಳ್ಳುತ್ತಿದ್ದರು. ಹೆಡ್‌ಫೋನಿನಲ್ಲಿ ಬರೀ ಗುಜುಗುಜು ಸದ್ದು ಹಾಕಿದೆ, ನಡುನಡುವೆ ಸುಳ್ಳು ಟಿಕ್‌ಗಳನ್ನೂ ಸೇರಿಸಿದೆ. ಮೊಟ್ಟಮೊದಲ ಸಲದ ಪ್ರತಿಕ್ರಿಯೆ ಯಾವಾಗಲೂ ದೊಡ್ಡದು, ಮುಂದಿನ ಸಲಗಳಲ್ಲಿ ಇಳಿಯುತ್ತದೆ. ಹಲವರು ಆ ಮೊದಲನೆಯದನ್ನು ಬಿಸಾಕುತ್ತಾರೆ. ನಾನು ಬೇರೆಯಾಗಿ ಎತ್ತಿಡುತ್ತೇನೆ. ನಿಜವಾಗಿ ಎಡವುವವರಿಗೆ ರಿಹರ್ಸಲ್ ಇರುವುದಿಲ್ಲ, ಅಲ್ವಾ?

ಬೀಳದಂತೆ ಕಟ್ಟುವ ಹಾರ್ನೆಸ್ ಕೂಡ ಲೆಕ್ಕ ಕೆಡಿಸುತ್ತದೆ. ಅದರ ಪಟ್ಟಿ ಭುಜಕ್ಕೆ ಸೋಕುತ್ತಿದ್ದರೂ ತೂಗಾಟ ಕಡಿಮೆಯಾಗುತ್ತದೆ. ಇದನ್ನು ನೋಡಿ ಕುತೂಹಲ ಹುಟ್ಟಿ ಪಕ್ಕದಲ್ಲಿ ಒಂದು ಪುಟ್ಟ ತೂಕದ ಯಂತ್ರ ಇಟ್ಟೆ. ಅದರ ಮೇಲೆ ಒಂದು ಬೆರಳು, 100 ಗ್ರಾಂ ಮೀರಬಾರದು. ಅಷ್ಟು ಹಗುರಾದ ಒತ್ತಡ ಮೈಯನ್ನು ಹಿಡಿದು ನಿಲ್ಲಿಸಲಾರದು. ಆದರೂ ಕಣ್ಣು ಮುಚ್ಚಿದವರ ತೂಗಾಟ ಸುಮಾರು ಅರ್ಧಕ್ಕೆ ಬಂತು. ಬೆರಳಿನಿಂದ ಸಿಗುವುದು ಆಸರೆ ಅಲ್ಲ, ಮಾಹಿತಿ. ಒಂದು ವಾರ ಮುಖ್ಯ ಕೆಲಸ ಬಿಟ್ಟು ಇದರಲ್ಲೇ ಮುಳುಗಿದ್ದೆ.

ಕಣ್ಣಿನ ಪರೀಕ್ಷೆಗೆ ವಿಆರ್ ಹೆಡ್‌ಸೆಟ್ ಹಾಕಿ ಕೋಣೆಯ ಚಿತ್ರವನ್ನು ಹಿಂದೆ ಮುಂದೆ ನಿಧಾನವಾಗಿ ಓಲಾಡಿಸಿದೆ. ಸ್ವಲ್ಪ ಓಲಾಡಿಸಿದರೆ ಮೈ ಚೆನ್ನಾಗಿ ಹಿಂಬಾಲಿಸುತ್ತದೆ. ನಾಲ್ಕು ಪಟ್ಟು ಮಾಡಿದರೆ ಮೈ ನಾಲ್ಕು ಪಟ್ಟು ತೂಗುವುದಿಲ್ಲ. ಕಣ್ಣನ್ನು ನಂಬುವುದು ಕಡಿಮೆ ಮಾಡಿ ಕಾಲಿನಿಂದ ಬರುವ ಸುದ್ದಿಯನ್ನೂ ಕಿವಿಯೊಳಗಿನ ಸಮತೋಲನದ ಅಂಗವನ್ನೂ ಹೆಚ್ಚು ನಂಬುತ್ತದೆ. 2002ರಲ್ಲಿ ಸಮತೋಲನದ ಸಂಶೋಧಕ ರಾಬರ್ಟ್ ಪೀಟರ್ಕ ಪ್ರಕಟಿಸಿದ ಕೆಲಸದಲ್ಲೂ ಇದೇ ಇದೆ. ಕಿವಿಯೊಳಗಿನ ಆ ಅಂಗ ಕೆಟ್ಟವರಲ್ಲಿ, ಕಾಲಿನ ಸುದ್ದಿಯನ್ನೂ ನಂಬುವಂತಿಲ್ಲದಾಗ, ಈ ಕಡಿವಾಣ ಕಾಣಿಸುವುದಿಲ್ಲ. ಹಾಗಾಗಿ ಚಿಕ್ಕದು ದೊಡ್ಡದು ಎರಡೂ ಅಳತೆಯಲ್ಲಿ ಓಲಾಡಿಸಿ ನೋಡಲೇಬೇಕು, ಒಂದರಿಂದ ಏನೂ ಗೊತ್ತಾಗುವುದಿಲ್ಲ.

ಈಗ ಕಂಪನ ನಡೆಯುತ್ತಿರುವಾಗಲೇ ಹಗ್ಗ ಬಿಡುವುದನ್ನು ಶುರು ಮಾಡಿದ್ದೇನೆ. ಎಷ್ಟು ಸೆಕೆಂಡಿನ ಮೇಲೆ ಬಿಡಬೇಕು ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಾನು ಇಟ್ಟುಕೊಂಡ ಅಂತರ ಇಲ್ಲಿ ಬರೆಯುವುದಿಲ್ಲ. ಕಂಪನ ಕೊಟ್ಟ ಕೂಡಲೇ ಬಿಡಬೇಡಿ, ಮೈ ಹಿಂದಕ್ಕೆ ವಾಲಿ ಒಂದು ಕಡೆ ನೆಲೆ ನಿಲ್ಲುವವರೆಗೆ ಕಾಯಿರಿ.