ನುಗ್ಗೇಹಳ್ಳಿ ಪಟ್ಟಿಯ ಕಾಂತೀಯ ದತ್ತಾಂಶ: ಪಡೆದದ್ದು, ಒಪ್ಪಿಸಿದ್ದು

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ. ಭೂವಿಜ್ಞಾನದವರಿಗೆ ಅದು ಒಂದು ಶಿಲಾಪಟ್ಟಿಯ ಹೆಸರು. ಬೈರಾಪುರದ ಕ್ರೋಮೈಟ್ (ಕ್ರೋಮಿಯಂ ಅದಿರು), ತಗಡೂರಿನ ಟೈಟಾನಿಯಂ ಬೆರೆತ ಮ್ಯಾಗ್ನೆಟೈಟ್ (ಕಾಂತತ್ವವಿರುವ ಕಬ್ಬಿಣದ ಅದಿರು) ಎಲ್ಲವೂ ಈ ಪಟ್ಟಿಯವೇ. ಇಲ್ಲಿ ನೆಲದ ಮೇಲೆ ಕಾಂತೀಯ ಸರ್ವೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ ಮೊದಲು ಮಾಡಿದ್ದು, ಸರ್ಕಾರದ ಬಳಿ ಈಗಾಗಲೇ ಏನಿದೆ ಎಂದು ನೋಡಿದ್ದು. ಎಲ್ಲ ಮುಗಿದ ಮೇಲೆ ನಮ್ಮ ಅಳತೆಗಳನ್ನು ಸರ್ಕಾರದ ಭಂಡಾರಕ್ಕೇ ಒಪ್ಪಿಸಿದೆವು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗಲಿ ಎಂದು ಎರಡನ್ನೂ ಬರೆಯುತ್ತಿದ್ದೇನೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ‘ಭೂಕೋಶ್’ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಕೊಂಡರೆ ಭೂವೈಜ್ಞಾನಿಕ ನಕ್ಷೆ, ಭೂರಾಸಾಯನಿಕ ಅಳತೆ, ಗುರುತ್ವ ಮತ್ತು ಕಾಂತೀಯ ಅಳತೆಗಳ ಪದರಗಳು ಸಿಗುತ್ತವೆ. ಪದರ ಆರಿಸಿ, ಪ್ರದೇಶ ಗುರುತಿಸಿ, ಶೇಪ್‌ಫೈಲ್ (ನಕ್ಷೆ ತಂತ್ರಾಂಶದಲ್ಲಿ ತೆರೆಯುವ ಕಡತ) ಇಳಿಸಿಕೊಳ್ಳಬಹುದು. ಹಾಸನದವರು ಒಂದು ಸಂಗತಿ ಗಮನಿಸಬೇಕು. 13 ಡಿಗ್ರಿ ಅಕ್ಷಾಂಶ ರೇಖೆ ಹೆಚ್ಚೂಕಡಿಮೆ ಹಾಸನ ನಗರದ ಮೇಲೆಯೇ ಹಾದುಹೋಗುತ್ತದೆ. ಟೋಪೋಶೀಟ್‌ಗಳ (ಸರ್ವೆ ಇಲಾಖೆಯ ಭೂಪಟ ಹಾಳೆಗಳ) ಸಂಖ್ಯೆಯಲ್ಲಿ ಅದರ ಉತ್ತರಕ್ಕೆ 57 ಸಿ ಹಾಳೆ, ದಕ್ಷಿಣಕ್ಕೆ 57 ಡಿ. ಸಕಲೇಶಪುರದ ಕಡೆ ಹೋದರೆ 76 ಡಿಗ್ರಿ ರೇಖಾಂಶ ದಾಟಿ 48 ಪಿ ಶುರುವಾಗುತ್ತದೆ. ನುಗ್ಗೇಹಳ್ಳಿ ಪಟ್ಟಿಗೆ 57ರ ಸಿ ಮತ್ತು ಡಿ ಎರಡೂ ಬೇಕು.

ಇಳಿಸಿಕೊಂಡ ನಕ್ಷೆಯನ್ನು ಓದುವಾಗ ನಾವಿರುವ ಜಾಗವನ್ನು ಮರೆಯಬಾರದು. ಹಾಸನ ಕಾಂತೀಯ ಸಮಭಾಜಕಕ್ಕೆ ಹತ್ತಿರ. ಭೂಕಾಂತ ಕ್ಷೇತ್ರ ಇಲ್ಲಿ ಬಹುಮಟ್ಟಿಗೆ ಅಡ್ಡವಾಗಿ ಮಲಗಿರುತ್ತದೆ. ಯುರೋಪಿನ ಪಠ್ಯಪುಸ್ತಕಗಳಲ್ಲಿ ಕಾಂತೀಯ ಶಿಲೆಯ ನೆತ್ತಿಯ ಮೇಲೆ ಶಿಖರ ಕಾಣುತ್ತದೆ. ನಮ್ಮಲ್ಲಿ ಎಷ್ಟೋ ಸಲ ಅದೇ ಜಾಗದಲ್ಲಿ ತಗ್ಗು ಕಾಣುತ್ತದೆ. ನಕ್ಷೆಯಲ್ಲಿ ಶಿಖರ ತೋರಿಸುವ ಕೆಂಪು ಬಣ್ಣವನ್ನಷ್ಟೇ ಹುಡುಕಿಕೊಂಡು ಹೊರಟವರಿಗೆ ಅದಿರಿನ ಜಾಗ ತಪ್ಪಿಹೋಗಬಹುದು. ಇನ್ನೊಂದು ಮಾತು: ಈ ಪಟ್ಟಿಯಲ್ಲಿ ಕಾಂತತ್ವ ಬಲವಾಗಿರುವುದು ಮೂಲ ಶಿಲೆ ನೀರಿನ ಸಂಪರ್ಕದಲ್ಲಿ ಮಾರ್ಪಟ್ಟು ಸರ್ಪೆಂಟಿನೈಟ್ ಆಗುವಾಗ ಹುಟ್ಟಿದ ಮ್ಯಾಗ್ನೆಟೈಟ್‌ನಿಂದ. ಕ್ರೋಮೈಟ್‌ನ ಕಾಂತತ್ವ ದುರ್ಬಲ, ಆದರೆ ಸಾಂದ್ರತೆ ಹೆಚ್ಚು. ಹಾಗಾಗಿ ಕ್ರೋಮೈಟ್ ಹುಡುಕುವವರಿಗೆ ಕಾಂತೀಯ ನಕ್ಷೆ ಆತಿಥೇಯ ಶಿಲೆಯನ್ನು ತೋರಿಸುತ್ತದೆ. ಅದಿರಿನ ಸುಳಿವಿಗೆ ಗುರುತ್ವದ ಅಳತೆ ಬೇಕು.

ಸರ್ಕಾರದ ನೆಲಮಟ್ಟದ ಗುರುತ್ವ–ಕಾಂತೀಯ ಸರ್ವೆಯಲ್ಲಿ ಸುಮಾರು ಎರಡೂವರೆ ಚದರ ಕಿಲೋಮೀಟರಿಗೆ ಒಂದು ಅಳತೆ ಬಿಂದು ಇರುತ್ತದೆ. ಇಡೀ ಪಟ್ಟಿಯ ಓಟ ತಿಳಿಯಲು ಅದು ಧಾರಾಳವಾಗಿ ಸಾಕು. ಹತ್ತಾರು ಮೀಟರ್ ಅಗಲದ ಅದಿರಿನ ಮಸೂರ (ಮಸೂರದ ಆಕಾರದ ಅದಿರಿನ ಗಟ್ಟಿ) ಅದರಲ್ಲಿ ಸಿಗುವುದಿಲ್ಲ. ಅಲ್ಲಿಂದ ಮುಂದೆ ಕಾಂತಕ್ಷೇತ್ರ ಅಳೆಯುವ ಪ್ರೋಟಾನ್ ಮ್ಯಾಗ್ನೆಟೋಮೀಟರ್ ಹಿಡಿದು ನಾವೇ ನಡೆಯಬೇಕು.

ನಮ್ಮ ಸರ್ವೆ ರೇಖೆಗಳು ತೆಂಗಿನ ತೋಟಗಳ ಮಧ್ಯೆ ಹಾದುಹೋಗುತ್ತಿದ್ದವು. ಇಲ್ಲಿ ಭೂಕಾಂತ ಕ್ಷೇತ್ರ 40 ಸಾವಿರ ಚಿಲ್ಲರೆ ನ್ಯಾನೋಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ). ಕೊಳವೆಬಾವಿಯ ಕಬ್ಬಿಣದ ಕೇಸಿಂಗ್ ಹತ್ತಿರ ಬಂದರೆ ಆ ಅಂಕಿ ಒಂದೇ ಹೆಜ್ಜೆಗೆ ನೂರಾರು ಏರಿಳಿಯುತ್ತದೆ. ಪಂಪ್‌ಸೆಟ್‌ಗೆ ಬಂದಿರುವ ವಿದ್ಯುತ್ ತಂತಿ, ತಂತಿಬೇಲಿ, ಗೇಟು ಎಲ್ಲವೂ ಹೀಗೇ ಕಾಟ ಕೊಡುತ್ತವೆ. ಬತ್ತಿಹೋದ ಬಾವಿಯ ಕೇಸಿಂಗ್ ಮಣ್ಣು ಮುಚ್ಚಿಕೊಂಡು ಕಣ್ಣಿಗೂ ಬೀಳದಿದ್ದರೆ ಹೇಳುವುದೇ ಬೇಡ. ಅದು ಎಲ್ಲಿದೆ ಎಂದು ಬಲ್ಲವರು ತೋಟದವರು ಮಾತ್ರ. ಅವರನ್ನು ಕೇಳಿ, ಪ್ರತಿ ಬಿಂದುವಿನ ಎದುರು ‘ಕೇಸಿಂಗ್ 6 ಮೀಟರ್ ಪೂರ್ವಕ್ಕೆ’ ಎಂಬಂಥ ಟಿಪ್ಪಣಿ ಬರೆದುಕೊಂಡೆ. ಭಂಡಾರಕ್ಕೆ ಒಪ್ಪಿಸಿದ ಕಡತದಲ್ಲಿ ನನಗೆ ಎಲ್ಲಕ್ಕಿಂತ ಅಮೂಲ್ಯವಾಗಿ ಕಾಣುವುದು ಈ ಟಿಪ್ಪಣಿಗಳ ಅಂಕಣವೇ. ಅದಿಲ್ಲದಿದ್ದರೆ ಹತ್ತು ವರ್ಷದ ನಂತರ ಯಾರೋ ಒಬ್ಬರು ತೋಟದ ಕೇಸಿಂಗ್ ಪೈಪನ್ನು ಮ್ಯಾಗ್ನೆಟೈಟ್ ಎಂದು ನಂಬಿ ಅಲ್ಲಿ ಡ್ರಿಲ್ ಇಳಿಸಿಯಾರು.

ಒಪ್ಪಿಸುವ ಜಾಗ ‘ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರ’, ಬಳಕೆಯಲ್ಲಿ ಎನ್‌ಜಿಡಿಆರ್. ಭೂವೈಜ್ಞಾನಿಕ ಸರ್ವೇಕ್ಷಣೆ ಮತ್ತು ಕೇಂದ್ರ ಸರ್ಕಾರದ ಭೂಮಾಹಿತಿ ಸಂಸ್ಥೆ ಬಿಸಾಗ್-ಎನ್ ಸೇರಿ ಕಟ್ಟಿದ ಈ ಪೋರ್ಟಲ್‌ಗೆ 2023ರ ಡಿಸೆಂಬರ್ 19ರಂದು ಆಗಿನ ಗಣಿ ಸಚಿವ ಪ್ರಲ್ಹಾದ ಜೋಶಿ ಚಾಲನೆ ನೀಡಿದರು. ಅನ್ವೇಷಣೆಯ ದತ್ತಾಂಶಕ್ಕೆ ‘ಮರ್ಟ್’ (ಮಿನರಲ್ ಎಕ್ಸ್‌ಪ್ಲೊರೇಷನ್ ರಿಪೋರ್ಟಿಂಗ್ ಟೆಂಪ್ಲೇಟ್) ಎಂಬ ನಿಗದಿತ ನಮೂನೆ ಇದೆ. ಚೆಂದದ ಬಣ್ಣದ ನಕ್ಷೆಯೊಂದನ್ನು ಪಿಡಿಎಫ್ ಮಾಡಿ ಕೊಟ್ಟು ಕೈತೊಳೆದುಕೊಳ್ಳುವ ಅಭ್ಯಾಸಕ್ಕೆ ಈ ನಮೂನೆ ಕಡಿವಾಣ ಹಾಕಿದೆ, ಅದಕ್ಕೆ ನನ್ನ ಪೂರ್ಣ ಬೆಂಬಲವಿದೆ. ನಕ್ಷೆ ಒಬ್ಬರ ತೀರ್ಮಾನ. ಅಳತೆ ಎಲ್ಲರಿಗೂ ಸೇರಿದ್ದು.

ನಾನು ಮೂಲ ಅಳತೆ, ಅಳೆದ ಗಳಿಗೆ, ಬೇಸ್ ಸ್ಟೇಷನ್‌ನ (ಒಂದೇ ಜಾಗದಲ್ಲಿ ನಿಂತು ದಿನದ ಏರಿಳಿತ ದಾಖಲಿಸುವ ಕೇಂದ್ರದ) ಅಳತೆಗಳು, ತಿದ್ದುಪಡಿಯ ನಂತರದ ಅಂಕಿ ಇವೆಲ್ಲವನ್ನೂ ಬೇರೆ ಬೇರೆ ಅಂಕಣಗಳಲ್ಲಿ ಇಟ್ಟೆ. ಗಳಿಗೆ ಏಕೆಂದರೆ, ಕ್ಷೇತ್ರ ಬೆಳಗಿನಿಂದ ಮಧ್ಯಾಹ್ನಕ್ಕೆ ಹತ್ತಾರು ನ್ಯಾನೋಟೆಸ್ಲಾ ಏರುತ್ತದೆ. ಸಮಯ ಬರೆಯದ ಅಳತೆಯನ್ನು ಮತ್ತೆ ತಿದ್ದಲು ದಾರಿಯೇ ಇಲ್ಲ. ನಿರ್ದೇಶಾಂಕಗಳು ಡಬ್ಲ್ಯುಜಿಎಸ್ 84 (ಜಿಪಿಎಸ್ ಬಳಸುವ ಭೂಮಾದರಿ), ಯುಟಿಎಂ (ಮೀಟರ್ ಲೆಕ್ಕದ ನಕ್ಷಾ ಚೌಕಟ್ಟು) ವಲಯ 43 ಎಂದು ಸ್ಪಷ್ಟವಾಗಿ ಬರೆದೆ. ಹಳೆಯ ಟೋಪೋಶೀಟ್‌ಗಳು ಎವರೆಸ್ಟ್ ದೀರ್ಘವೃತ್ತಜ ಎಂಬ ಹಳೆಯ ಭೂಮಾದರಿಯನ್ನು ಆಧರಿಸಿದವು. ಎರಡರ ನಡುವೆ ನಮ್ಮ ಭಾಗದಲ್ಲಿ ನೂರು ಮೀಟರಿನ ಆಸುಪಾಸು ವ್ಯತ್ಯಾಸ ಬರುತ್ತದೆ. ಅಷ್ಟು ಸರಿದರೆ ಅದಿರಿನ ಮಸೂರ ಪಕ್ಕದ ಸರ್ವೆ ನಂಬರಿಗೆ ಹೋಗಿಬಿಡುತ್ತದೆ.

ಚಿಕ್ಕಮಗಳೂರಿನ ಗೆಳೆಯರು ಬಾಬಾಬುಡನ್ ಬೆಟ್ಟಸಾಲಿನ ಗುರುತ್ವ ದತ್ತಾಂಶದ ಬಗ್ಗೆ ಕೇಳುತ್ತಿರುತ್ತಾರೆ. ಅಲ್ಲಿ ಕಷ್ಟ ಬೇರೆ ರೀತಿಯದು. ಎತ್ತರದಲ್ಲಿ ಒಂದು ಮೀಟರ್ ತಪ್ಪಿದರೆ ಬೂಗೆ ಮೌಲ್ಯ (ಎತ್ತರದ ಮತ್ತು ಕೆಳಗಿನ ಶಿಲೆಯ ಪರಿಣಾಮ ಕಳೆದ ಗುರುತ್ವ) ಸುಮಾರು 0.2 ಮಿಲಿಗ್ಯಾಲ್ (ಗುರುತ್ವ ಅಳೆಯುವ ಮಾನ) ತಪ್ಪುತ್ತದೆ. ಮುಳ್ಳಯ್ಯನಗಿರಿಯಂಥ ಗಿರಿಯ ಪಕ್ಕದಲ್ಲಿ ನಿಂತು ಅಳೆದರೆ ಸುತ್ತಲಿನ ಬೆಟ್ಟ-ಕಣಿವೆಗಳ ಪರಿಣಾಮಕ್ಕೆ ಮಾಡುವ ಭೂಸ್ವರೂಪದ ತಿದ್ದುಪಡಿಯೇ ದೊಡ್ಡ ಅಂಕಿ. ಆ ತಿದ್ದುಪಡಿ ಆಗಿದೆಯೇ, ಎಷ್ಟು ದೂರದವರೆಗಿನ ಬೆಟ್ಟಗಳನ್ನು ಲೆಕ್ಕಕ್ಕೆ ಹಿಡಿದಿದ್ದಾರೆ, ಬಳಸಿದ ಶಿಲೆಯ ಸಾಂದ್ರತೆ ಘನ ಸೆಂಟಿಮೀಟರಿಗೆ 2.67 ಗ್ರಾಂ ಹೌದೇ ಎಂಬ ವಿವರ ಇಲ್ಲದ ಕಡತವನ್ನು ಪಕ್ಕಕ್ಕಿಡಿ ಎಂದೇ ನಾನು ಹೇಳುವುದು. ಗುರುತ್ವಕ್ಕೆ ಕಾನೂನಿನ ಒಂದು ಮಾತೂ ಇದೆ: 2021ರ ಫೆಬ್ರವರಿಯ ಭೂಪ್ರಾದೇಶಿಕ ದತ್ತಾಂಶ ಮಾರ್ಗಸೂಚಿ ಗುರುತ್ವ ವೈಪರೀತ್ಯಕ್ಕೆ 1 ಮಿಲಿಗ್ಯಾಲ್ ಮಿತಿ ಇಟ್ಟಿದೆ. ಅದಕ್ಕಿಂತ ಸೂಕ್ಷ್ಮವಾದ ದತ್ತಾಂಶ ಭಾರತೀಯ ಸಂಸ್ಥೆಗಳ ಕೈಯಲ್ಲೇ ಇರಬೇಕು. ವಿದೇಶಿ ಪಾಲುದಾರರು ಇರುವ ಕೆಲಸವಾದರೆ ಅಳತೆ ಶುರುಮಾಡುವ ಮೊದಲೇ ಆ ಮಾರ್ಗಸೂಚಿಯನ್ನು ಓದಿಕೊಳ್ಳಿ.